ಪಂಕ್ತಿಯಲ್ಲಿ ಕುಳಿತು ತೂಕ ಇಳಿಸುವ ಬಗೆ

ದೇಹದ ತೂಕ ಇಳಿಸಬೇಕೆಂಬ ಸಂಕಲ್ಪವನ್ನು ಮನುಷ್ಯ ಬಹುಮಟ್ಟಿಗೆ ಒಬ್ಬನೇ ಕೈಗೊಳ್ಳುತ್ತಾನೆ, ಆದರೆ ಅದು ಮುರಿಯುವುದು ಹೆಚ್ಚಾಗಿ ನಾಲ್ಕು ಜನರ ನಡುವೆ, ಬಡಿಸುವ ಕೈಯೊಂದು ಎದುರಿಗೆ ಬಂದು ನಿಂತಾಗ. ಉಣಿಸುವುದನ್ನೇ ಗೌರವದ ಮೊದಲ ಲಕ್ಷಣವೆಂದು ಭಾವಿಸುವ ಬೀದರ್ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದ್ ಸೀಮೆಯಲ್ಲಿ ಈ ಮಾತು ಇನ್ನಷ್ಟು ಸರಿಹೊಂದುತ್ತದೆ. ಆದ್ದರಿಂದ ತೂಕದ ಪ್ರಶ್ನೆಯನ್ನು ಒಬ್ಬೊಬ್ಬರ ಬಾಯಿಚಪಲದ ಪ್ರಶ್ನೆಯಾಗಿ ನೋಡುವುದಕ್ಕಿಂತ, ಒಂದು ಊರು ಹೇಗೆ ಉಣ್ಣುತ್ತದೆ, ಹೇಗೆ ಉಣಿಸುತ್ತದೆ ಎಂಬ ಪ್ರಶ್ನೆಯಾಗಿ ನೋಡುವುದು ಹೆಚ್ಚು ಫಲಕಾರಿ. ಈ ಸೀಮೆಯ ಗೋರ್ಟಾ (ಬಿ) ಗ್ರಾಮದಂತಹ ಒಂದು ಊರಿನಲ್ಲಿ ಗುಂಪಾಗಿ ತೂಕ ಇಳಿಸುವ ಕಾರ್ಯಕ್ರಮವನ್ನು ಆರಂಭಿಸುವುದಾದರೆ ಅದು ಯಾವ ರೂಪ ತಾಳಬೇಕು, ಹಬ್ಬ, ಮದುವೆ, ಜಾತ್ರೆಗಳ ಊಟದ ಮುಂದೆ ಅದು ಹೇಗೆ ಉಳಿದುಕೊಳ್ಳಬೇಕು ಎಂಬುದು ಈ ಭಾಷಣದ ವಿಷಯ.

ತೂಕ ಇಳಿಸಬೇಕಾದವರು ಯಾರೆಂಬುದು ಮೊದಲು ನಿಶ್ಚಯವಾಗಬೇಕು. ವೈದ್ಯರು ಇದಕ್ಕೆ ದೇಹ ತೂಕ ಸೂಚ್ಯಂಕವೆಂಬ ಅಳತೆಯನ್ನು ಬಳಸುತ್ತಾರೆ. ಕಿಲೋಗ್ರಾಂನಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದಾಗ ಬರುವ ಸಂಖ್ಯೆಯೇ ಅದು. 160 ಸೆಂಟಿಮೀಟರ್ ಎತ್ತರದ ವ್ಯಕ್ತಿ 64 ಕಿಲೋ ತೂಗಿದರೆ ಸೂಚ್ಯಂಕ 25 ಆಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 25ರಿಂದ ಮೇಲಕ್ಕೆ ಅಧಿಕ ತೂಕವೆಂದೂ 30ರಿಂದ ಮೇಲಕ್ಕೆ ಬೊಜ್ಜು ಎಂದೂ ಹೇಳಿದರೆ, 2009ರಲ್ಲಿ ಪ್ರಕಟವಾದ ಭಾರತೀಯ ತಜ್ಞರ ಒಮ್ಮತದ ಹೇಳಿಕೆ ಈ ಗಡಿಗಳನ್ನು ಕ್ರಮವಾಗಿ 23 ಮತ್ತು 25ಕ್ಕೆ ಇಳಿಸಿತು. ಒಂದೇ ಸೂಚ್ಯಂಕದ ಯುರೋಪಿಯನ್ನರಿಗೆ ಹೋಲಿಸಿದರೆ ಭಾರತೀಯರ ದೇಹದಲ್ಲಿ ಕೊಬ್ಬಿನ ಪಾಲು ಹೆಚ್ಚು, ಅದರಲ್ಲೂ ಹೊಟ್ಟೆಯ ಸುತ್ತ ಹೆಚ್ಚು ಎಂಬುದೇ ಇದಕ್ಕೆ ಕಾರಣ. ಸೊಂಟದ ಸುತ್ತಳತೆ ಪುರುಷರಲ್ಲಿ 90 ಸೆಂಟಿಮೀಟರ್, ಸ್ತ್ರೀಯರಲ್ಲಿ 80 ಸೆಂಟಿಮೀಟರ್ ದಾಟಿದರೆ ಮಧುಮೇಹ ಮತ್ತು ಹೃದ್ರೋಗಗಳ ಅಪಾಯ ಏರುತ್ತದೆ. ಈ ಅಳತೆಗೆ ಬೇಕಾದದ್ದು ದರ್ಜಿಯ ಟೇಪು ಮಾತ್ರ. ಮೂವತ್ತು ವರ್ಷ ಮೇಲ್ಪಟ್ಟವರಿಗಾಗಿ ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ತುಂಬುವ ತಪಾಸಣಾ ಪಟ್ಟಿಯಲ್ಲಿ ಸೊಂಟದ ಅಳತೆಗೆ ಒಂದು ಕಲಮು ಈಗಾಗಲೇ ಇದೆ.

2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಸ್ತ್ರೀಯರಲ್ಲಿ ಶೇಕಡಾ 24ರಷ್ಟು, ಪುರುಷರಲ್ಲಿ ಶೇಕಡಾ 23ರಷ್ಟು ಜನರ ಸೂಚ್ಯಂಕ 25 ಅಥವಾ ಅದಕ್ಕಿಂತ ಹೆಚ್ಚಾಗಿತ್ತು. ಕರ್ನಾಟಕದಲ್ಲಿ ಈ ಪ್ರಮಾಣ ಶೇಕಡಾ 30ರ ಆಸುಪಾಸಿನಲ್ಲಿತ್ತು. ಅದೇ ಸಮೀಕ್ಷೆ ದೇಶದ ಸ್ತ್ರೀಯರಲ್ಲಿ ಶೇಕಡಾ 18.7ರಷ್ಟು ಮಂದಿ ಇರಬೇಕಾದ ತೂಕವನ್ನೂ ಮುಟ್ಟಿಲ್ಲವೆಂದು ತೋರಿಸಿತು. ಒಂದೇ ಓಣಿಯಲ್ಲಿ, ಕೆಲವೊಮ್ಮೆ ಒಂದೇ ಮನೆಯಲ್ಲಿ, ಅತ್ತೆ ದಪ್ಪಗಾಗಿ ಸೊಸೆ ರಕ್ತಹೀನಳಾಗಿರುವುದು ಅಪರೂಪವಲ್ಲ. ಆದ್ದರಿಂದ ಇಡೀ ಊರಿಗೆ ಡಂಗುರ ಸಾರಿ ಎಲ್ಲರೂ ಕಡಿಮೆ ಉಣ್ಣಿರೆಂದು ಹೇಳುವ ಕಾರ್ಯಕ್ರಮ ಅಪಾಯಕಾರಿ. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಬೆಳೆಯುವ ಮಕ್ಕಳು ಈ ಗುಂಪಿಗೆ ಸೇರತಕ್ಕವರಲ್ಲ. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಊಟ ಇಳಿಸಿದಾಗ ರಕ್ತದ ಸಕ್ಕರೆ ಹಠಾತ್ತಾಗಿ ಕುಸಿಯಬಹುದಾದ್ದರಿಂದ ವೈದ್ಯರನ್ನು ಕಂಡ ಮೇಲೆಯೇ ಸೇರಬೇಕು.

ಗುಂಪು ಕಟ್ಟಿಕೊಂಡು ತೂಕ ಇಳಿಸುವ ಪದ್ಧತಿಗೆ ಮುಕ್ಕಾಲು ಶತಮಾನದ ಇತಿಹಾಸವಿದೆ. ಅಮೆರಿಕದ ಮಿಲ್ವಾಕಿಯಲ್ಲಿ 1948ರಲ್ಲಿ ಎಸ್ತರ್ ಮ್ಯಾಂಜ್ ಎಂಬ ಗೃಹಿಣಿ ‘ಟಾಪ್ಸ್’ ಎಂಬ ಸಂಘ ಹುಟ್ಟುಹಾಕಿದಳು. 1961ರಲ್ಲಿ ನ್ಯೂಯಾರ್ಕಿನ ಜೀನ್ ನಿಡೆಚ್ ಎಂಬ ಗೃಹಿಣಿ ನಗರದ ಆರೋಗ್ಯ ಇಲಾಖೆಯ ಚಿಕಿತ್ಸಾಲಯಕ್ಕೆ ಹೋಗಿ ಪಥ್ಯದ ಪಟ್ಟಿಯನ್ನು ಪಡೆದಳು. ಆದರೆ ತಾನು ಕದ್ದುಮುಚ್ಚಿ ಬಿಸ್ಕತ್ತು ತಿನ್ನುತ್ತಿರುವುದನ್ನು ಅಲ್ಲಿ ಹೇಳಿಕೊಳ್ಳಲಾಗದೆ, ತನ್ನಂತೆಯೇ ದಪ್ಪಗಿದ್ದ ಗೆಳತಿಯರನ್ನು ಮನೆಗೆ ಕರೆದು ಹೇಳಿಕೊಂಡಳು. ಅವರೂ ತಮ್ಮ ತಮ್ಮ ಗುಟ್ಟುಗಳನ್ನು ಬಿಚ್ಚಿದರು. 1963ರಲ್ಲಿ ‘ವೇಟ್ ವಾಚರ್ಸ್’ ಎಂಬ ಕಂಪನಿಯಾಗಿ ಬೆಳೆದದ್ದು ಈ ಕೂಟವೇ. ಪಥ್ಯದ ಪಟ್ಟಿಯಲ್ಲಿ ಹೊಸದೇನೂ ಇರಲಿಲ್ಲ. ಮುಚ್ಚಿಟ್ಟ ತಿನಿಸನ್ನು ಅವಮಾನವಿಲ್ಲದೆ ಹೇಳಿಕೊಳ್ಳಲು ಒಂದು ಜಾಗ ಸಿಕ್ಕಿದ್ದು ಹೊಸದಾಗಿತ್ತು.

ಈ ಪದ್ಧತಿ ಎಷ್ಟರಮಟ್ಟಿಗೆ ಫಲ ಕೊಡುತ್ತದೆ ಎಂಬುದನ್ನು ಪರೀಕ್ಷಿಸಿದವರೂ ಇದ್ದಾರೆ. 2011ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ, ಆಸ್ಟ್ರೇಲಿಯಾ, ಜರ್ಮನಿ ಮತ್ತು ಬ್ರಿಟನ್ನುಗಳ 772 ಜನರ ಮೇಲಿನ ಪ್ರಯೋಗದಲ್ಲಿ, ಗುಂಪಿಗೆ ಕಳುಹಿಸಲ್ಪಟ್ಟವರು ಒಂದು ವರ್ಷದಲ್ಲಿ ಸರಾಸರಿ 5 ಕಿಲೋದಷ್ಟು, ವೈದ್ಯರ ಸಾಮಾನ್ಯ ಸಲಹೆ ಮಾತ್ರ ಪಡೆದವರು 2 ಕಿಲೋಕ್ಕೆ ತುಸು ಮೇಲ್ಪಟ್ಟು ತೂಕ ಕಳೆದುಕೊಂಡರು. ಪ್ರಯೋಗದ ಖರ್ಚನ್ನು ವೇಟ್ ವಾಚರ್ಸ್ ಸಂಸ್ಥೆಯೇ ಕೊಟ್ಟಿತ್ತೆಂಬುದನ್ನು ಅದರ ಜೊತೆಗೇ ನೆನಪಿಡಬೇಕು. ಇನ್ನೂ ಹತ್ತಿರದ ಉದಾಹರಣೆ ಕೇರಳದ್ದು. ತಿರುವನಂತಪುರ ಜಿಲ್ಲೆಯಲ್ಲಿ 60 ಮತಗಟ್ಟೆ ವ್ಯಾಪ್ತಿಗಳನ್ನು ಘಟಕಗಳಾಗಿ ಮಾಡಿಕೊಂಡು, ಮಧುಮೇಹ ಬರುವ ಸಂಭವ ಹೆಚ್ಚಿರುವ 1,007 ಜನರಲ್ಲಿ ಒಂದು ಪಾಲಿಗೆ ಒಂದು ವರ್ಷದ ಗುಂಪು ಕಾರ್ಯಕ್ರಮ ನಡೆಸಲಾಯಿತು. ಅದರ ಹದಿನೈದು ಸಭೆಗಳಲ್ಲಿ ಬಹುಪಾಲನ್ನು ನಡೆಸಿದವರು ವೈದ್ಯರಲ್ಲ, ತರಬೇತಿ ಪಡೆದ ಊರಿನವರೇ. 2018ರಲ್ಲಿ ಪ್ರಕಟವಾದ ಅದರ ಫಲಿತಾಂಶ ಅದ್ಭುತವೇನೂ ಅಲ್ಲ: ಎರಡು ವರ್ಷದ ಕೊನೆಗೆ ಕಾರ್ಯಕ್ರಮದಲ್ಲಿದ್ದವರಲ್ಲಿ ಶೇಕಡಾ 14.9ರಷ್ಟು, ಇಲ್ಲದವರಲ್ಲಿ ಶೇಕಡಾ 17.1ರಷ್ಟು ಮಂದಿಗೆ ಮಧುಮೇಹ ಬಂದಿತ್ತು, ಮತ್ತು ಈ ಅಂತರ ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಖಚಿತವೆನ್ನುವಷ್ಟು ದೊಡ್ಡದಲ್ಲ. ಆದರೂ ಹಣ್ಣು, ತರಕಾರಿ ತಿನ್ನುವ ರೂಢಿ ಹೆಚ್ಚಿತು, ಕುಡಿತ ತಗ್ಗಿತು. ಗುಂಪಿನಿಂದ ಪವಾಡವನ್ನು ನಿರೀಕ್ಷಿಸಬಾರದು, ಕೈಗೂಡುವ ಸಣ್ಣ ಬದಲಾವಣೆಗಳನ್ನು ನಿರೀಕ್ಷಿಸಬಹುದು ಎಂಬುದಷ್ಟೇ ಇದರಿಂದ ತಿಳಿಯುವುದು. ಮೊದಲ ತೂಕದ ಶೇಕಡಾ 5ರಷ್ಟು, ಅಂದರೆ 80 ಕಿಲೋ ಇದ್ದವರು 4 ಕಿಲೋ ಇಳಿದರೂ ರಕ್ತದೊತ್ತಡ ಮತ್ತು ಸಕ್ಕರೆಯ ಮಟ್ಟ ಸುಧಾರಿಸುವುದರಿಂದ, ಸಣ್ಣ ಬದಲಾವಣೆಯೆಂದು ಅದನ್ನು ಕಡೆಗಣಿಸುವಂತೆಯೂ ಇಲ್ಲ.

ಇನ್ನು ಈ ಸೀಮೆಯ ಊಟದ ಕಡೆಗೆ ಬರಬಹುದು. ಬೀದರ್ ಜಿಲ್ಲೆ ತೊಗರಿ, ಹೆಸರು, ಉದ್ದು, ಕಡಲೆಗಳ ನಾಡು. ಜೋಳದ ರೊಟ್ಟಿ, ಬೇಳೆ, ಪುಂಡಿ ಪಲ್ಯ, ಮಜ್ಜಿಗೆ ಇರುವ ನಿತ್ಯದ ಊಟದಲ್ಲಿ ತಪ್ಪು ಹುಡುಕುವುದು ಕಷ್ಟ. ಎಳ್ಳಮಾವಾಸ್ಯೆಯಂದು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಚರಗ ಚೆಲ್ಲಿ ಉಣ್ಣುವ ಊಟವನ್ನೇ ನೋಡಿದರೆ, ಹಸಿ ತೊಗರಿ, ಅವರೆ, ಕಡಲೆ, ಬದನೆ, ಸೊಪ್ಪುಗಳನ್ನು ಬೆರೆಸಿ ಕುದಿಸಿದ ಭಜ್ಜಿ ಮತ್ತು ಮಜ್ಜಿಗೆ ಬೆರೆಸಿದ ಜೋಳದ ಅಂಬಲಿ ಯಾವ ಆಹಾರತಜ್ಞನೂ ಒಪ್ಪುವಂಥವು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿ ದಿನಕ್ಕೆ 2,000 ಕಿಲೊಕ್ಯಾಲೊರಿಯ ಊಟದಲ್ಲಿ 400 ಗ್ರಾಂ ತರಕಾರಿ, 85 ಗ್ರಾಂ ಬೇಳೆಕಾಳು, 250 ಗ್ರಾಂ ಧಾನ್ಯ ಇರಲೆಂದು ಸೂಚಿಸುತ್ತದೆ. ತರಕಾರಿ ಮತ್ತು ಕಾಳನ್ನು ಹೀಗೆ ಧಾರಾಳವಾಗಿ ಕೊಡುವ ಊಟ ಈ ಸೀಮೆಯ ವರ್ಷದಲ್ಲಿ ಇದ್ದರೆ ಅದು ಹೊಲದ ಅಂಚಿನ ಈ ಒಂದು ಹೊತ್ತಿನದು. ಕಿಲೊಕ್ಯಾಲೊರಿ ಎಂದರೆ ಆಹಾರದಿಂದ ದೇಹಕ್ಕೆ ಸಿಗುವ ಶಕ್ತಿಯ ಅಳತೆ. ಖರ್ಚಾಗದೆ ಉಳಿದ ಶಕ್ತಿ ಕೊಬ್ಬಾಗಿ ಶೇಖರವಾಗುತ್ತದೆ.

ತೊಡಕಿರುವುದು ಈ ಊಟದ ಮೇಲೆ ಪೇರಿಸಲ್ಪಡುವ ಪದಾರ್ಥಗಳಲ್ಲಿ. ಅದೇ ಹೊಲದಲ್ಲಿ ಶೇಂಗಾ ಹೋಳಿಗೆ, ಕಡುಬು, ತುಪ್ಪಗಳೂ ಇರುತ್ತವೆ. ತುಪ್ಪದ ಪ್ರತಿ ಗ್ರಾಮಿನಲ್ಲಿ 9 ಕಿಲೊಕ್ಯಾಲೊರಿ ಇರುವುದರಿಂದ, ಹೋಳಿಗೆಯ ಮೇಲೆ ಸುರಿಯುವ 15 ಗ್ರಾಮಿನ ಒಂದು ಚಮಚೆಯಲ್ಲಿಯೇ 135 ಕಿಲೊಕ್ಯಾಲೊರಿ ಸೇರುತ್ತದೆ. ಶೇಂಗಾ ಹಿಂಡಿಯನ್ನು ಜನ ಚಟ್ನಿಯ ಲೆಕ್ಕಕ್ಕೆ ಹಿಡಿಯುತ್ತಾರೆ, ಆದರೆ ಶೇಂಗಾದ ತೂಕದ ಅರ್ಧಕ್ಕೆ ಸಮೀಪ ಎಣ್ಣೆಯೇ. ಜೋಳದ ರೊಟ್ಟಿ ಉಂಡರೆ ತೂಕ ಇಳಿಯುತ್ತದೆಂಬ ಮಾತು ಈಚೆಗೆ ಪೇಟೆಯಿಂದ ಹಳ್ಳಿಗೆ ಮರಳಿ ಬಂದಿದೆ. ಜೋಳ ಮತ್ತು ಗೋಧಿಯ ಶಕ್ತಿಯ ಪ್ರಮಾಣ ಹೆಚ್ಚುಕಡಿಮೆ ಒಂದೇ ಆದ್ದರಿಂದ, ಅಗಿಯಲು ಹೊತ್ತು ಹಿಡಿಯುವ ಕಾರಣಕ್ಕೆ ರೊಟ್ಟಿ ಬೇಗ ತೃಪ್ತಿ ಕೊಡಬಹುದೇ ಹೊರತು ನಾಲ್ಕರ ಬದಲು ಆರು ರೊಟ್ಟಿ ಮುರಿದವರಿಗೆ ಜೋಳವೇನೂ ರಿಯಾಯಿತಿ ತೋರುವುದಿಲ್ಲ. ಏಕಾದಶಿ ಮತ್ತು ಶ್ರಾವಣ ಸೋಮವಾರಗಳ ಉಪವಾಸದ ಕಥೆಯೂ ಇಂಥದೇ. ಪಂಢರಪುರದ ವಾರಕರಿ ಸಂಪ್ರದಾಯದ ನೆರಳಿರುವ ಈ ಗಡಿಸೀಮೆಯಲ್ಲಿ ಉಪವಾಸವೆಂದರೆ ಸಾಬೂದಾಣಿ ಖಿಚಡಿ. ಸಾಬೂದಾಣಿ ಬಹುತೇಕ ಬರಿಯ ಪಿಷ್ಟ, ಅದಕ್ಕೆ ಶೇಂಗಾ ಪುಡಿ ಮತ್ತು ತುಪ್ಪ ಕೂಡಿದಾಗ ಉಪವಾಸದ ದಿನದ ಶಕ್ತಿ ಉಂಡ ದಿನದ್ದನ್ನು ಮೀರುವುದುಂಟು. ಚಹಾ ಇನ್ನೂ ಮೋಸದ್ದು. ಎರಡು ಚಮಚೆ ಸಕ್ಕರೆಯ ಒಂದು ಕಪ್ಪಿನಲ್ಲಿ ಸಕ್ಕರೆಯದೇ ಸುಮಾರು 40 ಕಿಲೊಕ್ಯಾಲೊರಿ. ಬೆಳಗಿನಿಂದ ಐದು ಮನೆ ಹೊಕ್ಕು ಹೊರಟವರು ಊಟದ ಲೆಕ್ಕಕ್ಕೆ ಹಿಡಿಯದ 200 ಕಿಲೊಕ್ಯಾಲೊರಿಯನ್ನು ಹೊತ್ತು ಮನೆಗೆ ಮರಳುತ್ತಾರೆ. ಕಳೆ ತೆಗೆಯುವ, ರಾಶಿ ಮಾಡುವ ಕೆಲಸಗಳಲ್ಲಿ ಬಹುಪಾಲನ್ನು ಟ್ರ್ಯಾಕ್ಟರ್, ಕಳೆನಾಶಕ ಮತ್ತು ರಾಶಿ ಯಂತ್ರಗಳು ವಹಿಸಿಕೊಂಡ ಮೇಲೂ ಉಣ್ಣುವ ಪ್ರಮಾಣ ಎತ್ತು ಹೂಡುತ್ತಿದ್ದ ಕಾಲದ್ದೇ ಆಗಿ ಉಳಿದಿದೆ.

ಜನ ಕೂಡಿ ಉಂಡಾಗ ಹೆಚ್ಚು ಉಣ್ಣುತ್ತಾರೆಂಬುದು ಅಳೆದು ತಿಳಿದ ಸಂಗತಿ. ಅಮೆರಿಕದ ಮನೋವಿಜ್ಞಾನಿ ಜಾನ್ ಡಿ ಕ್ಯಾಸ್ಟ್ರೋ ಜನರಿಂದ ದಿನಚರಿ ಬರೆಯಿಸಿ 1989ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇತರರೊಡನೆ ಉಂಡ ಊಟ ಒಬ್ಬರೇ ಉಂಡ ಊಟಕ್ಕಿಂತ ಶೇಕಡಾ 44ರಷ್ಟು ದೊಡ್ಡದಾಗಿತ್ತು. ಮಾತು ಬೆಳೆದಷ್ಟು ಊಟದ ಹೊತ್ತು ಬೆಳೆಯುತ್ತದೆ, ಹೊತ್ತು ಬೆಳೆದಷ್ಟು ತುತ್ತುಗಳೂ ಬೆಳೆಯುತ್ತವೆ. ಆ ಅಧ್ಯಯನದ ಜನರಿಗೆ ಯಾರೂ ಒತ್ತಾಯ ಮಾಡಿ ಬಡಿಸುತ್ತಿರಲಿಲ್ಲ. ಬಸವಕಲ್ಯಾಣದ ಮದುವೆಯ ಪಂಕ್ತಿಯಲ್ಲಿ ಮಾತಿನ ಜೊತೆಗೆ ನೀಡುವವರ ಕೈಯೂ ಸೇರುತ್ತದೆ. ‘ಸಾಕ್ರಿ, ಹೊಟ್ಟಿ ತುಂಬ್ಯಾದ’ ಎಂಬ ಮಾತನ್ನು ಇಲ್ಲಿ ಯಾರೂ ಮೊದಲ ಸಲಕ್ಕೆ ನಂಬುವುದಿಲ್ಲ. ‘ಇಷ್ಟಕ್ಕೇನ್ ಆಗ್ತದ್ರಿ’ ಎಂದು ಇನ್ನೊಂದು ಹೋಳಿಗೆ ಎಲೆಗೆ ಬಿದ್ದಿರುತ್ತದೆ, ಅದನ್ನೂ ತಡೆದರೆ ‘ಯಾಕ್ರಿ, ನಮ್ಮ ಮನಿ ಊಟ ಸೇರಲಿಲ್ಲೇನ್ರಿ’ ಎಂಬ ಪ್ರಶ್ನೆ ಬರುತ್ತದೆ, ಆ ಪ್ರಶ್ನೆಗೆ ಉಣ್ಣುವುದೊಂದೇ ಉತ್ತರ. ಮುಸ್ಲಿಂ ಮನೆಗಳ ದಾವತ್ತಿನಲ್ಲಿ ಬಗಾರಾ ಅನ್ನ, ದಾಲ್ಚಾ, ಡಬಲ್ ಕಾ ಮೀಠಾಗಳ ಮುಂದೆಯೂ ಅತಿಥಿಯ ಅವಸ್ಥೆ ಇದೇ.

ಈ ಒತ್ತಾಯವನ್ನು ಅಜ್ಞಾನವೆಂದು ಜರೆಯುವುದು ಸುಲಭ, ಅದು ನ್ಯಾಯವಲ್ಲ. 1972ರ ಸುಮಾರಿನ ಬರಗಾಲದಲ್ಲಿ ದಖ್ಖನ್ನಿನ ಈ ಭಾಗ ಕಂಡ ಹಸಿವನ್ನು ನೆನಪಿಟ್ಟವರು ಇನ್ನೂ ಬದುಕಿದ್ದಾರೆ. ಕಾಳು ಎಣಿಸಿ ಅಡುಗೆ ಮಾಡಿದ ಕೈಗೆ ತುಂಬಿದ ಎಲೆಯೇ ಪ್ರೀತಿಯ ಪುರಾವೆ. ಹನ್ನೆರಡನೆಯ ಶತಮಾನದ ಶರಣರು ಕಲ್ಯಾಣದಲ್ಲಿ ಕಾಯಕದ ಜೊತೆಗೆ ದಾಸೋಹವನ್ನೂ, ಅಂದರೆ ದುಡಿದದ್ದನ್ನು ಸಮಾಜಕ್ಕೆ ಸಮರ್ಪಣ ಭಾವದಿಂದ ಹಂಚುವ ತತ್ವವನ್ನೂ, ಬಾಳಿನ ನಿಯಮವಾಗಿ ಇಟ್ಟರು. 1817ರಲ್ಲಿ ಬಸವಕಲ್ಯಾಣದ ಬಳಿಯ ಲಾಡವಂತಿಯಲ್ಲಿ ಜನಿಸಿದ ಮಾಣಿಕಪ್ರಭುಗಳ ಸಂಸ್ಥಾನವಿರುವ ಹುಮನಾಬಾದಿನ ಮಾಣಿಕನಗರದಲ್ಲಿ ದತ್ತ ಜಯಂತಿಯ ಉತ್ಸವಕ್ಕೆ ಬಂದವರಿಗೆಲ್ಲ ಊಟವಿರುತ್ತದೆ. ಜನವರಿಯ ವೀರಭದ್ರೇಶ್ವರ ಜಾತ್ರೆಯಲ್ಲಿ ಹುಮನಾಬಾದಿನ ಮನೆಗಳು ನೆಂಟರಿಂದ ತುಂಬುತ್ತವೆ. ಇಂಥ ಸೀಮೆಯಲ್ಲಿ ಹೊರಗೆ ಉಣ್ಣುವುದನ್ನೇ ಬಿಡಿರೆಂಬ ಸಲಹೆ ಸಂಬಂಧಗಳನ್ನೇ ಬಿಡಿರೆಂದ ಹಾಗೆ, ಅದನ್ನು ಯಾರೂ ಪಾಲಿಸುವುದಿಲ್ಲ, ಪಾಲಿಸಲೂ ಬಾರದು.

ಆದರೆ ದಾಸೋಹದ ಜೊತೆಗೇ ಬರುವ ಪ್ರಸಾದದ ಕಲ್ಪನೆಯಲ್ಲಿ ಒಂದು ಶಿಸ್ತು ಅಡಗಿದೆ. ಸಮರ್ಪಿತವಾದ ಪದಾರ್ಥ ಪ್ರಸಾದವಾಗುತ್ತದೆ, ಪ್ರಸಾದವನ್ನು ಎಲೆಯಲ್ಲಿ ಬಿಡಬಾರದು; ಆದ್ದರಿಂದ ಬಿದ್ದದ್ದನ್ನೆಲ್ಲ ಮುಗಿಸಬೇಕೆಂದು ಜನ ತಿಳಿಯುತ್ತಾರೆ. ಬಿಡಬಾರದೆಂಬುದು ನಿಜವಾದರೆ ಬೇಕಾದಷ್ಟನ್ನೇ ಹಾಕಿಸಿಕೊಳ್ಳಬೇಕೆಂಬುದೂ ಅಷ್ಟೇ ನಿಜ, ಮತ್ತು ಕೇಳದೆ ನೀಡಬಾರದೆಂಬ ಕರ್ತವ್ಯ ನೀಡುವವರ ಮೇಲೂ ಬೀಳುತ್ತದೆ. ಈ ನಿಯಮದ ಭಾರವೆಲ್ಲ ಈಗ ಉಣ್ಣುವವರ ಹೊಟ್ಟೆಯ ಮೇಲೆ ಬಿದ್ದಿದೆ. ಮನೆಯೊಳಗೆ ಅದು ಇನ್ನೊಂದು ರೂಪದಲ್ಲಿ ಕಾಣುತ್ತದೆ: ಎಲ್ಲರೂ ಉಂಡ ಮೇಲೆ ಉಣ್ಣುವ ಹೆಂಗಸು, ಚೆಲ್ಲಬಾರದೆಂಬ ಒಂದೇ ಕಾರಣಕ್ಕೆ ಪಾತ್ರೆಯ ತಳದಲ್ಲಿ ಉಳಿದ ಹುಗ್ಗಿಯನ್ನೂ ಮಕ್ಕಳು ಬಿಟ್ಟ ಅನ್ನವನ್ನೂ ತಾನೇ ಮುಗಿಸುತ್ತಾಳೆ. ಅವಳ ತೂಕಕ್ಕೆ ಕಾರಣ ಹುಡುಕುವವರು ಈ ಕೊನೆಯ ಊಟವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಗುಂಪನ್ನು ಕಟ್ಟಲು ಹೊಸ ಸಂಸ್ಥೆಯ ಅಗತ್ಯ ಈ ಜಿಲ್ಲೆಗಿಲ್ಲ. 1990ರ ದಶಕದಿಂದ ಬೀದರ್ ಜಿಲ್ಲಾ ಕೇಂದ್ರ ಸಹಕಾರ ಬ್ಯಾಂಕು ಸ್ವಸಹಾಯ ಗುಂಪುಗಳನ್ನು ಹಳ್ಳಿಹಳ್ಳಿಗೆ ಹರಡಿ ದೇಶದ ಗಮನ ಸೆಳೆಯಿತು. 2000–01ರಲ್ಲಿ ರಾಜ್ಯದ ಸ್ತ್ರೀಶಕ್ತಿ ಯೋಜನೆ ಬಂದಿತು. ವಾರಕ್ಕೊಮ್ಮೆ ಸೇರುವುದು, ಪುಸ್ತಕದಲ್ಲಿ ಬರೆದಿಡುವುದು, ತಪ್ಪಿಸಿದವರನ್ನು ವಿಚಾರಿಸುವುದು, ಪರಸ್ಪರ ಹೊಣೆಯಾಗುವುದು ಇವರಿಗೆ ಹಳೆಯ ಅಭ್ಯಾಸ, ಮತ್ತು ತೂಕ ಇಳಿಸುವ ಗುಂಪಿಗೆ ಬೇಕಾದದ್ದೂ ಇವೇ. ಉಳಿತಾಯದ ಲೆಕ್ಕ ಮುಗಿದ ಮೇಲೆ ಇಚ್ಛೆಯುಳ್ಳ ಎಂಟು ಹತ್ತು ಜನ ಅರ್ಧ ಗಂಟೆ ಕುಳಿತರೆ ಸಾಕು. ಒಂದು ವ್ಯತ್ಯಾಸವನ್ನು ಮಾತ್ರ ಕಟ್ಟುನಿಟ್ಟಾಗಿ ಪಾಲಿಸಬೇಕು: ಉಳಿತಾಯದ ಮೊತ್ತವನ್ನು ಓದಿ ಹೇಳುವಂತೆ ತೂಕವನ್ನು ಓದಿ ಹೇಳಬಾರದು. ತೂಕ ಬರೆದ ಪುಟ ಆಯಾ ಸದಸ್ಯೆಯ ಮತ್ತು ಬರೆದುಕೊಳ್ಳುವವಳ ನಡುವೆ ಇರಬೇಕು. ಸಭೆಯಲ್ಲಿ ಆಡಬೇಕಾದ ಮಾತು ವಾರದಲ್ಲಿ ಯಾವ ಮನೆಯ ಊಟ ಕಷ್ಟಕ್ಕಿಟ್ಟಿತು, ಅಲ್ಲಿ ಏನು ಹೇಳಿದರೆ ನಡೆಯಿತು, ಏನು ಹೇಳಿದರೆ ನಡೆಯಲಿಲ್ಲ ಎಂಬುದು. ಸಭೆಗೆ ಬಾರದವರಿಗೆ ದಂಡ ಹಾಕಬಹುದು, ತೂಕ ಏರಿದವರಿಗೆ ಹಾಕಿದರೆ ಅವರು ಮುಂದಿನ ವಾರ ಬರುವುದಿಲ್ಲ, ಬರಬೇಕಾದವರು ಅವರೇ. ವಾರಕ್ಕೆ ಅರ್ಧ ಕಿಲೋಕ್ಕಿಂತ ಹೆಚ್ಚು ಇಳಿಸುವ ಆತುರ ಬೇಡ. ಪುಡಿ, ಕಷಾಯ, ಡಬ್ಬಿಗಳನ್ನು ಮಾರುವವರಿಗೆ ಸಭೆಯ ಬಾಗಿಲು ಮುಚ್ಚಿರಲಿ. ವಾರಕ್ಕೆ 150 ನಿಮಿಷದ ಬಿರುಸು ನಡಿಗೆ ಗುಂಪಿದ್ದರೆ ಸುಲಭವಾಗುತ್ತದೆ, ಏಕೆಂದರೆ ಒಬ್ಬಳೇ ರಸ್ತೆಗಿಳಿದು ಸುಮ್ಮನೆ ನಡೆಯುವ ಹೆಂಗಸನ್ನು ಊರು ಪ್ರಶ್ನಿಸುತ್ತದೆ, ಆರು ಜನ ನಡೆದರೆ ಪ್ರಶ್ನಿಸುವುದಿಲ್ಲ. ಗಂಡಸರಿಗೂ ಹೀಗೆ ಗುಂಪುಗಳು ಬೇಕು. ಹೆದ್ದಾರಿ 65ರ ಢಾಬಾಗಳಲ್ಲಿ ಕೂಡಿ ಉಣ್ಣುವವರು ಅವರೇ.

ಪಂಕ್ತಿಯಲ್ಲಿ ಗುಂಪಿನ ಉಪಯೋಗ ಸ್ಪಷ್ಟವಾಗಿ ಕಾಣಿಸುತ್ತದೆ. ಒಬ್ಬಳು ಬೇಡವೆಂದರೆ ಅದು ಹಟವಾಗುತ್ತದೆ ಅಥವಾ ಕಾಯಿಲೆಯ ಸುದ್ದಿಯಾಗುತ್ತದೆ. ಸಾಲಿನಲ್ಲಿ ಮೂವರು ಒಟ್ಟಿಗೆ ಕುಳಿತು ಅರ್ಧ ಹೋಳಿಗೆ ಸಾಕೆಂದರೆ ಅದು ನಿಧಾನಕ್ಕೆ ರೂಢಿಯಾಗುತ್ತದೆ. ಮೊದಲ ಸುತ್ತಿಗೆ ಪೂರ್ತಿ ನಿರಾಕರಿಸಿದರೆ ಮನೆಯವರಿಗೆ ನೋವಾಗುವುದರಿಂದ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಹಾಕಿಸಿಕೊಂಡು, ಪಲ್ಯ, ಕಾಳುಗಳಿಂದ ಆರಂಭಿಸಿ, ಸಿಹಿಯನ್ನು ನಿಧಾನವಾಗಿ ಉಣ್ಣುವುದು ಲೇಸು. ನೀಡುವವರ ಕಣ್ಣು ಬರಿದಾದ ಎಲೆಯನ್ನು ಹುಡುಕುತ್ತಿರುತ್ತದೆ, ಎಲೆಯ ಮೇಲೆ ಏನಾದರೂ ಉಳಿದಿರುವವರನ್ನು ದಾಟಿ ಮುಂದೆ ಹೋಗುತ್ತದೆ. ಹೋಳಿಗೆ ಉಂಡ ದಿನ ಅನ್ನದ ಸುತ್ತನ್ನು ಬಿಡಬಹುದು. ಸಿಹಿ ಉಣ್ಣಬೇಕಾದ ಮನೆ ಯಾವುದು, ಚಹಾದಲ್ಲಿ ಮುಗಿಸಬಹುದಾದ ಮನೆ ಯಾವುದು ಎಂಬುದನ್ನು ಹಬ್ಬದ ಹಿಂದಿನ ಸಭೆಯಲ್ಲಿಯೇ ತೀರ್ಮಾನಿಸಿಕೊಂಡರೆ ಹೊಸಿಲಲ್ಲಿ ನಿಂತು ತೀರ್ಮಾನಿಸುವ ಸಂಕಟ ತಪ್ಪುತ್ತದೆ.

ಇಷ್ಟಾದರೂ ಉಣ್ಣುವವರ ಜಾಣತನಕ್ಕೆ ಮಿತಿ ಇದೆ, ಏಕೆಂದರೆ ಬಡಿಸುವ ಸೌಟು ಅವರ ಕೈಯಲ್ಲಿಲ್ಲ. ಆದ್ದರಿಂದ ಗುಂಪಿಗೆ ಮೊದಲು ಸೇರಿಸಿಕೊಳ್ಳಬೇಕಾದವರು ಮನೆಯ ಹಿರಿಯ ಅತ್ತೆಯರು ಮತ್ತು ಮದುವೆ, ಜಾತ್ರೆಗಳಲ್ಲಿ ನೀಡಲು ನಿಲ್ಲುವ ಯುವಕರು. ಅವರ ತೂಕ ಎಷ್ಟಾದರೂ ಇರಲಿ. ಹೋಳಿಗೆಯನ್ನು ಅರ್ಧಕ್ಕೆ ಮುರಿದು ನೀಡುವುದು, ತುಪ್ಪವನ್ನು ಕೇಳಿ ಹಾಕುವುದು, ಚಹಾಕ್ಕೆ ಸಕ್ಕರೆಯನ್ನು ಬೇರೆಯಾಗಿ ಇಡುವುದು, ಎರಡನೆಯ ಸಲ ‘ಸಾಕು’ ಎಂದವರನ್ನು ನಂಬುವುದು: ಈ ನಾಲ್ಕನ್ನು ಊರಿನ ಹತ್ತು ಮನೆಗಳು ಒಪ್ಪಿಕೊಂಡರೆ ಉಪನ್ಯಾಸಗಳಿಂದ ಆಗದ ಕೆಲಸ ಆಗುತ್ತದೆ.

ಆರಂಭಕ್ಕೆ ತಕ್ಕ ಕಾಲ ಆಷಾಢ. ಜನವರಿಯ ಕ್ಯಾಲೆಂಡರು ನೋಡಿ ಆರಂಭಿಸಿದವರು ಸಂಕ್ರಾಂತಿಗೂ ಜಾತ್ರೆಗೂ ಸಿಕ್ಕಿಬೀಳುತ್ತಾರೆ, ಆಮೇಲೆ ಮದುವೆಗಳು ಬರುತ್ತವೆ. ಆಷಾಢದಲ್ಲಿ ಮದುವೆಗಳಿರುವುದಿಲ್ಲ, ಶ್ರಾವಣದ ಹಬ್ಬಗಳು ಬರುವ ಹೊತ್ತಿಗೆ ಗುಂಪಿಗೆ ನಾಲ್ಕು ವಾರಗಳ ಅನುಭವವಾಗಿರುತ್ತದೆ, ಹನ್ನೆರಡು ವಾರ ಮುಗಿಯುವಾಗ ಭಾದ್ರಪದ ಕೊನೆಗೆ ಬಂದು ದಸರೆ ಎದುರಿಗಿರುತ್ತದೆ. ಗೋರ್ಟಾ (ಬಿ) ಮತ್ತು ಸುತ್ತಲಿನ ಊರುಗಳ ಸ್ವಸಹಾಯ ಗುಂಪುಗಳ ಸದಸ್ಯೆಯರು ಬರುವ ಆಷಾಢದ ಮೊದಲ ವಾರದ ಸಭೆಗೆ ಆಶಾ ಕಾರ್ಯಕರ್ತೆಯನ್ನು ಟೇಪಿನೊಡನೆ ಕರೆಯಲಿ, ಒಂದು ತೂಕದ ಯಂತ್ರವನ್ನು ಹೊಂದಿಸಿಕೊಳ್ಳಲಿ, ಮತ್ತು ಅಂದಿನ ಚಹಾವನ್ನು ಸಕ್ಕರೆ ಬೆರೆಸದೆ ಮಾಡಲಿ.